ಮೆಟ್ಟಿಲ ಬಳಿಯ ಸಸೂನ್ ಅಜ್ಜ

ಕಾಲಾ ಘೋಡಾದ ಡೇವಿಡ್ ಸಸೂನ್ ಲೈಬ್ರರಿಯ ಮೆಟ್ಟಿಲ ಬಳಿ ಬಿಳಿ ಕಲ್ಲಿನ ಒಂದು ಮೂರ್ತಿ ಇದೆ. ನಿಲುವಂಗಿ, ರುಮಾಲು, ಗಡ್ಡ. ಅಕೌಂಟ್ಸ್ ಪುಸ್ತಕ ಹಿಡಿದು ಓದಲು ಹೋಗುವಾಗೆಲ್ಲ ಯಾರೋ ಮೌಲ್ವಿ ಇರಬೇಕು ಅಂದ್ಕೊಂಡಿದ್ದೆ. ಅಲ್ಲ, ಬಾಗ್ದಾದಿನ ಯಹೂದಿ ವ್ಯಾಪಾರಿ.

ಹುಟ್ಟಿದ್ದು 1792ರಲ್ಲಿ. ತಂದೆ ಅಲ್ಲಿನ ಪಾಶಾಗಳ ಖಜಾಂಚಿ. ಆಳುವವರ ಕಿರುಕುಳ ತಾಳದೆ ಊರು ಬಿಟ್ಟು ಬುಶೇರ್ ಬಂದರು ಸೇರಿದರು. ಮುದಿ ತಂದೆ ಅಲ್ಲೇ ತೀರಿಕೊಂಡರು. 1832ರ ಸುಮಾರಿಗೆ ಸಂಸಾರ ಸಮೇತ ಮುಂಬಯಿಗೆ ಬಂದರು. ವ್ಯಾಪಾರ ಹತ್ತಿಯದು, ಅಫೀಮಿನದೂ ಹೌದು. ಇದನ್ನು ಮುಚ್ಚಿಡಬಾರದು, ಲೈಬ್ರರಿಗೆ ಕೊಟ್ಟ ದುಡ್ಡಿನಲ್ಲಿ ಅದೂ ಸೇರಿರಲೇಬೇಕು.

ಎಂಟು ಗಂಡುಮಕ್ಕಳು. ಅಂಗಡಿಯ ಶಾಖೆಗಳೆಂದರೆ ಅವರೇ. 1844ರಲ್ಲಿ ಎರಡನೆಯ ಮಗ ಎಲಿಯಾಸನನ್ನು ಚೀನಾಕ್ಕೆ ಕಳಿಸಿದರು, ಮುಂದೆ ಇನ್ನೊಬ್ಬ ಲಂಡನ್ನಿಗೆ ಹೋದ. ನಮ್ಮ ಪಾರ್ಟ್‌ನರ್‌ಶಿಪ್ ಪಾಠದಲ್ಲಿ ಲಾಭ ಹಂಚುವುದು ಬರುತ್ತದೆ, ಮಕ್ಕಳನ್ನು ಹಂಚುವ ಲೆಕ್ಕ ಎಲ್ಲೂ ಇಲ್ಲ. ಹಾಸ್ಟೆಲಿಗೆ ಬಿಟ್ಟುಹೋದ ದಿನ ನಮ್ಮಪ್ಪ ತಿರುಗಿ ನೋಡದೆ ನಡೆದದ್ದು ನೆನಪಾಯ್ತು.

ಮಕ್ಕಳು ಸೂಟು ಹಾಕಿದರೂ ಅಪ್ಪ ನಿಲುವಂಗಿ ಬಿಡಲಿಲ್ಲ. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಹೀಬ್ರೂ ಅಕ್ಷರದಲ್ಲೇ ಸಹಿ ಹಾಕಿದರು, ಇಂಗ್ಲಿಷ್ ಬರೆಯಲು ಬರುತ್ತಿರಲಿಲ್ಲ. ಕನ್ನಡ ಶಾಲೆಯಿಂದ ಬಂದು ಕ್ಲಾಸಿನಲ್ಲಿ ಬಾಯಿ ಬಿಡಲು ಹೆದರುವ ನನಗೆ ಇದನ್ನು ಓದಿ ಎಷ್ಟು ಹಾಯೆನಿಸಿತು ಗೊತ್ತಾ?

1864ರಲ್ಲಿ ಪುಣೆಯಲ್ಲಿ ತೀರಿಕೊಂಡರು. ತಾವೇ ಕಟ್ಟಿಸತೊಡಗಿದ್ದ ಅಲ್ಲಿನ ಯಹೂದಿ ಮಂದಿರದ ಆವರಣದಲ್ಲಿ ಅವರ ಸಮಾಧಿ ಇದೆ. ಜನ ಆ ಮಂದಿರವನ್ನು ಲಾಲ್ ದೇವಳ ಅನ್ನುತ್ತಾರೆ.

ಬಹಳ ವರ್ಷಗಳ ನಂತರ ಮೊಮ್ಮಗ ಆಲ್‌ಫ್ರೆಡ್ ತಮ್ಮ ಧರ್ಮದ ಹೊರಗೆ ಮದುವೆಯಾಗಿ ಮನೆಯವರಿಗೆ ಬೇಡವಾದ. ಅವನ ಮಗನೇ ಇಂಗ್ಲಿಷ್ ಕವಿ ಸೀಗ್‌ಫ್ರೀಡ್ ಸಸೂನ್. ಹೀಬ್ರೂ ಸಹಿ ಹಾಕಿದ ಅಜ್ಜನ ಮರಿಮಗ!