ದೇಶದ ಉಡುಪು ತೊಟ್ಟ ದೊಡ್ಡಸ್ವಾಮಿ ಅಬ್ಬೆ ದುಬಾಯ್

ಅರಸೀಕೆರೆ, ಬೇಲೂರು, ಹಳೇಬೀಡು ಎಂದೊಡನೆ ಹೊಯ್ಸಳರ ಶಿಲ್ಪಕಲೆ ನಮ್ಮ ನೆನಪಿಗೆ ಬರುತ್ತದೆ. ಪ್ರವಾಸಕ್ಕೆ ಹೋದ ನಾವು ದೇವಾಲಯಗಳನ್ನು ನೋಡಿ ಹಿಂದಿರುಗುತ್ತೇವೆ. ಅದೇ ಹಾಸನ ಸೀಮೆಯಲ್ಲಿ ಸಾತಳ್ಳಿ ಎಂಬ ಕ್ರೈಸ್ತ ಕೃಷಿಕರ ನೆಲೆಯೊಂದಿದೆ. ಅದರ ಸ್ಥಾಪನೆಯೊಡನೆ ಸೇರಿಕೊಂಡಿರುವ ಹೆಸರು ಫ್ರೆಂಚ್ ಧರ್ಮಗುರು ಅಬ್ಬೆ ದುಬಾಯ್ ಅವರದು.

ಜ್ಯಾಂ ಆಂತ್ವಾನ್ ದುಬಾಯ್ ಫ್ರಾನ್ಸಿನ ಸೇಂಟ್ ರೆಮೆಜ್ ಎಂಬ ಊರಿನಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಸದಸ್ಯರಾಗಿ ಭಾರತಕ್ಕೆ ಹೊರಟರು.

ಇಲ್ಲಿಗೆ ಬಂದವರು ಮೊದಲು ಬದಲಿಸಿದ್ದು ತಮ್ಮ ವೇಷವನ್ನು. 18ನೇ ಶತಮಾನದ ಯುರೋಪಿನಲ್ಲಿ ಉಡುಪೇ ಅಂತಸ್ತಿನ ಗುರುತಾಗಿತ್ತು. ಪೋಲೆಂಡಿನ ಕುಲೀನರು ಕೊಂಟುಶ್ ಎಂಬ ಉದ್ದನೆಯ ನಿಲುವಂಗಿಯ ಮೇಲೆ ಚಿನ್ನದ ಎಳೆಯ ರೇಷ್ಮೆ ನಡುಪಟ್ಟಿ ಬಿಗಿಯುತ್ತಿದ್ದರು. ಆ ಪಟ್ಟಿಯ ಮಾದರಿ ಪರ್ಷಿಯಾ, ತುರ್ಕಿಗಳಿಂದ ಬಂದದ್ದು. ಅವರು ಪೂರ್ವದ ಉಡುಪು ತೊಟ್ಟದ್ದು ಜನಸಾಮಾನ್ಯರಿಗಿಂತ ಬೇರೆಯಾಗಿ ಕಾಣಲು. ದುಬಾಯ್ ಅವರು ಬಿಳಿಯ ನಿಲುವಂಗಿ, ರುಮಾಲು ತೊಟ್ಟದ್ದು ಜನರ ಹತ್ತಿರ ಬರಲು. ಅವರು ಮಾಂಸಾಹಾರವನ್ನೂ ಬಿಟ್ಟು ಈ ನೆಲದ ಊಟವನ್ನೇ ಉಂಡರು. ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ಭಾವಚಿತ್ರದಲ್ಲೂ ಅವರು ಇದೇ ದೇಶೀ ವೇಷದಲ್ಲಿದ್ದಾರೆ.

1784ರಲ್ಲಿ ನಮ್ಮ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದದ್ದು ನಮಗೆಲ್ಲ ತಿಳಿದ ಸಂಗತಿ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ದುಬಾಯ್. ಬಡವರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸವನ್ನು ಮುಂದೆ ನಿಂತು ನಡೆಸಿದರು. ಜಾತಿಭೇದವಿಲ್ಲದೆ ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗ ಹಿಂದಿನ ಯೇಸುಸಭೆಯ ಗುರು ಕರ್ದೂ ಅವರ ಬರಹದಿಂದ ಬಂದದ್ದೆಂದು 1987ರಲ್ಲಿ ಸಂಶೋಧಕಿ ಸಿಲ್ವಿಯಾ ಮುರ್ ತೋರಿಸಿದರು.

1823ರಲ್ಲಿ ಅವರು ಭಾರತ ಬಿಟ್ಟರು. ಹಿಂದೂಗಳನ್ನು ಮತಾಂತರಿಸುವುದು ಮನುಷ್ಯ ಪ್ರಯತ್ನದಿಂದ ಆಗದ ಮಾತೆಂದು ಅದೇ ವರ್ಷ ಪ್ರಕಟವಾದ ಬರಹದಲ್ಲಿ ಹೇಳಿ, ಹಲವು ಮಿಷನರಿಗಳ ಟೀಕೆಗೆ ಗುರಿಯಾದರು. ಮುಂದೆ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿ, 1848ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ತಮ್ಮ ಸೇವೆ ಸೋತಿತೆಂಬ ಭಾವದಿಂದ ಹೊರಟವರ ಹೆಸರು ಸಾತಳ್ಳಿಯಲ್ಲಿ ಉಳಿಯಿತು. ಅವರ ಲೆಕ್ಕಕ್ಕೆ ಸಿಗದೆ ಹೋದದ್ದು ಉಳುಮೆ ಮಾಡುವವರ, ದೇವಿ ಹಾಕಿಸಿಕೊಂಡವರ ನೆನಪಿಗೆ ಸಿಕ್ಕಿತು. ಮುಂದಿನ ಸಲ ಬೇಲೂರಿಗೆ ಹೋಗುವಾಗ ನಾವು ಸಾತಳ್ಳಿಯನ್ನೂ ನೆನೆಯೋಣ.