ಸಂಚಿಯ ಹೊನ್ನಮ್ಮ: ಊಳಿಗದ ನಡುವೆ ಅರಳಿದ ಪ್ರತಿಭೆ

ಗುಂಡ್ಲುಪೇಟೆ: ಬಂಡೀಪುರದ ಕಾಡನ್ನು ಕಾಣಲೆಂದು ಊಟಿ ರಸ್ತೆಯಲ್ಲಿ ಸಾಗುವ ಪ್ರವಾಸಿಗರು ಗುಂಡ್ಲುಪೇಟೆ ದಾಟಿದ ಬಳಿಕ ಹಂಗಳ ಎಂಬ ಊರನ್ನು ಹಾದುಹೋಗುತ್ತಾರೆ. ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ನಿರ್ಬಂಧದಲ್ಲಿ ದಿನ ಕಳೆದದ್ದು ಇದೇ ಹಂಗಳದಲ್ಲಿ. ಆಗ ಜೊತೆಗಿದ್ದ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು, 1673ರಲ್ಲಿ ಒಡೆಯರು ಸಿಂಹಾಸನವೇರಿದಾಗ ಮಂತ್ರಿಯಾದರು. ಅದೇ ಯಳಂದೂರಿನಿಂದ ಅರಮನೆ ಸೇರಿದ ಹೆಣ್ಣುಮಗಳೊಬ್ಬಳಿಗೆ ದೊರೆತದ್ದು ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗ. ಇಂದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮಂತ್ರಿಗಿಂತಲೂ ಹೆಚ್ಚು ನೆನಪಿನಲ್ಲಿರುವವಳು ಆಕೆಯೇ. ಅವಳೇ ಸಂಚಿಯ ಹೊನ್ನಮ್ಮ.

ರಾಣಿ ದೇವಾಜಮ್ಮಣ್ಣಿಯವರಿಗೆ ತಾಂಬೂಲ ಒದಗಿಸುವುದು ಹೊನ್ನಮ್ಮನ ನಿತ್ಯದ ಕೆಲಸ. ಕೆಲಸದ ಹೆಸರೇ ಆಕೆಯ ಹೆಸರಿಗೆ ಅಂಟಿಕೊಂಡಿತು. ಆದರೆ ಸೇವಕಿಯ ಕೈಯಲ್ಲಿದ್ದ ಸಂಚಿಯಾಚೆಗೆ ಆಕೆಯ ಬುದ್ಧಿಯನ್ನೂ ರಾಣಿ ಗಮನಿಸಿದರು. ದೊರೆಗೂ ಆಕೆಯ ಕವಿತಾಶಕ್ತಿಯ ಅರಿವಾಯಿತು. ಆಸ್ಥಾನದ ಪಂಡಿತ ಸಿಂಗರಾರ್ಯರು ಗುರುವಾದರು. ಕನ್ನಡದಲ್ಲಿ ಈಗ ದೊರೆತಿರುವ ಮೊದಲ ನಾಟಕವೆಂದು ಹೆಸರಾದ ‘ಮಿತ್ರವಿಂದಾ ಗೋವಿಂದ’ವನ್ನು ರಚಿಸಿದವರು ಇವರೇ. ಅಂಥ ವಿದ್ವಾಂಸರು ಊಳಿಗದ ಹೆಣ್ಣೊಬ್ಬಳನ್ನು ಶಿಷ್ಯೆಯಾಗಿ ಸ್ವೀಕರಿಸಿದ್ದು ಹದಿನೇಳನೆಯ ಶತಮಾನದಲ್ಲಿ ಸಾಮಾನ್ಯ ಸಂಗತಿಯಲ್ಲ.

ಹಾಗೆ ಮೂಡಿದ ಕೃತಿ ‘ಹದಿಬದೆಯ ಧರ್ಮ’. ಒಂಬತ್ತು ಸಂಧಿಗಳ ಈ ಕಾವ್ಯ ಹಾಡಲು ಒದಗುವ ಸಾಂಗತ್ಯದಲ್ಲಿದೆ. ರಾಮಾಯಣ, ಮಹಾಭಾರತ, ಪುರಾಣಗಳ ನಿದರ್ಶನಗಳೊಡನೆ ಗೃಹಿಣಿಯ ನಡೆನುಡಿಯನ್ನು ತಿಳಿಗನ್ನಡದಲ್ಲಿ ನಿರೂಪಿಸುತ್ತದೆ.

ಮಾಡುವ ಕೆಲಸವನ್ನು ನೋಡಿ ಮನುಷ್ಯನನ್ನು ಅಳೆಯಬಾರದೆಂಬ ಮಾತು ಈ ನೆಲದ ಪರಂಪರೆಗಳಿಗೆ ಹೊಸತಲ್ಲ. ಮಹಾಭಾರತದ ವನಪರ್ವದಲ್ಲಿ ತಪಸ್ಸಿನ ಗರ್ವದಿಂದ ಬೀಗುತ್ತಿದ್ದ ಕೌಶಿಕನಿಗೆ ಮೊದಲು ಬುದ್ಧಿ ಹೇಳಿದವಳು ಒಬ್ಬ ಗೃಹಿಣಿ. ಅನಂತರ ಧರ್ಮಸೂಕ್ಷ್ಮವನ್ನು ಬೋಧಿಸಿದವನು ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದ ವ್ಯಾಧ. ಬೌದ್ಧರ ಥೇರೀಗಾಥೆಯಲ್ಲಿ ಬರುವ ಪುಣ್ಣಿಕಾ, ಶ್ರಾವಸ್ತಿಯ ಶ್ರೀಮಂತ ಅನಾಥಪಿಂಡಿಕನ ಮನೆಗೆ ನೀರು ಹೊರುತ್ತಿದ್ದ ದಾಸಿ. ಚಳಿಯಲ್ಲಿ ನದಿಗಿಳಿದು ಪಾಪ ತೊಳೆಯಲು ಹೊರಟ ಬ್ರಾಹ್ಮಣನಿಗೆ, ಸ್ನಾನದಿಂದಲೇ ಮುಕ್ತಿ ಸಿಗುವುದಾದರೆ ಕಪ್ಪೆ, ಆಮೆಗಳಿಗೂ ಸಿಗಬೇಕಲ್ಲ ಎಂದು ತಿಳಿಹೇಳಿದವಳು ಆಕೆ.

ಬುದ್ಧನ ಉಪದೇಶ ಇನ್ನೂ ಒಂದು ಹೆಜ್ಜೆ ಮುಂದಿದೆ. ಸಿಗಾಲೋವಾದ ಸುತ್ತದಲ್ಲಿ ಒಡೆಯನ ಕರ್ತವ್ಯಗಳ ಪಟ್ಟಿಯೇ ಇದೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಸಂಬಳ, ಕಾಯಿಲೆ ಬಿದ್ದಾಗ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಕಾಲದಲ್ಲಿ ಬಿಡುವು. ಆಳಿನ ಸಾಮರ್ಥ್ಯವನ್ನು ಅರಿಯುವುದು ಒಡೆಯನ ದೊಡ್ಡತನವೆನಿಸದೆ ಅವನ ಹೊಣೆಯೆನಿಸಿದೆ. ಹೊನ್ನಮ್ಮನ ವಿಷಯದಲ್ಲಿ ದೇವಾಜಮ್ಮಣ್ಣಿಯವರು ನಿರ್ವಹಿಸಿದ್ದು ಇಂಥದೇ ಹೊಣೆ.

ಆದರೆ ಅರಮನೆಯ ಆಶ್ರಯಕ್ಕೆ ಅದರದೇ ಎಲ್ಲೆಗಳಿದ್ದವು. ಪತಿಸೇವೆಯೇ ಪರಮಧರ್ಮವೆಂಬ ಆಕೆಯ ಕಾವ್ಯದ ನಿಲುವನ್ನು ಇಂದಿನ ಓದುಗರು, ವಿಶೇಷವಾಗಿ ಮಹಿಳೆಯರು, ಹಾಗೆಯೇ ಒಪ್ಪಲಾರರು. ಅಷ್ಟಾದರೂ ಹೊನ್ನಮ್ಮ ಆ ಚೌಕಟ್ಟಿನೊಳಗೇ ನಿಂತು ಹೆಣ್ಣನ್ನು ಹೀಗಳೆಯುವವರನ್ನು ನೇರವಾಗಿ ಪ್ರಶ್ನಿಸಿದಳು. ಎಲ್ಲರನ್ನೂ ಹೆತ್ತವಳು ಹೆಣ್ಣೇ ಆಗಿರುವಾಗ ಮಗ ಮೇಲು, ಮಗಳು ಕೀಳು ಎಂಬ ತಾರತಮ್ಯಕ್ಕೆ ಅರ್ಥವಿಲ್ಲವೆಂಬುದು ಆಕೆಯ ವಾದ. ಮೂರು ಶತಮಾನ ಕಳೆದರೂ ಕಾವ್ಯದ ಈ ಭಾಗವನ್ನೇ ಜನ ಮತ್ತೆಮತ್ತೆ ಸ್ಮರಿಸುವುದು. ಹುಟ್ಟು, ಲಿಂಗ, ಹುದ್ದೆಗಳಿಂದ ಯೋಗ್ಯತೆಯನ್ನು ನಿರ್ಧರಿಸುವವರ ಬಗ್ಗೆ, ಮೂರರಿಂದಲೂ ಅಳೆಯಲ್ಪಟ್ಟವಳೇ ನೀಡಿದ ತೀರ್ಪು ಅದು.

ಯಳಂದೂರು ಈಗ 1997ರಲ್ಲಿ ರಚನೆಯಾದ ಚಾಮರಾಜನಗರ ಜಿಲ್ಲೆಯ ತಾಲೂಕು ಕೇಂದ್ರ. ಅಲ್ಲಿಂದ, ಗುಂಡ್ಲುಪೇಟೆಯಿಂದ ಮೈಸೂರು, ಬೆಂಗಳೂರುಗಳಿಗೆ ದುಡಿಮೆ ಅರಸಿ ಹೋಗುವವರು ಇಂದಿಗೂ ಅನೇಕ. ಮನೆಗೆಲಸ, ಕಾವಲು, ಕಚೇರಿಗಳಲ್ಲಿ ಚಹಾ ತಂದುಕೊಡುವ ಕೆಲಸದಲ್ಲಿರುವ ಅವರನ್ನು ಹುದ್ದೆಯ ಹೆಸರಿನಿಂದಲೇ ಕರೆಯುವುದು ನಗರದ ರೂಢಿ. ಹೊನ್ನಮ್ಮನನ್ನೂ ಜನ ಹಾಗೆಯೇ ಕರೆದರು. ರಾಣಿಯೂ ಅಷ್ಟಕ್ಕೇ ಸುಮ್ಮನಾಗಿದ್ದರೆ ಕನ್ನಡಕ್ಕೆ ಒಬ್ಬ ಕವಯಿತ್ರಿ ನಷ್ಟವಾಗುತ್ತಿದ್ದಳು, ಮತ್ತು ಆ ನಷ್ಟ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.