ನ್ಯಾಯಮೂರ್ತಿ ಎಡ್ವರ್ಡ್ ಕೋಕ್

ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಮೈಲ್‌ಹ್ಯಾಮ್ ಗ್ರಾಮದಲ್ಲಿ, ವಕೀಲನೊಬ್ಬನ ಮಗನಾಗಿ, 1552ರಲ್ಲಿ ಜನಿಸಿದ ಎಡ್ವರ್ಡ್ ಕೋಕ್ ಆ ನಾಡಿನ ಧರ್ಮಶಾಸ್ತ್ರಜ್ಞರಲ್ಲಿ ಅಗ್ರಗಣ್ಯನು. (ಬರೆವಣಿಗೆಯಲ್ಲಿ ಕೋಕ್ ಎಂದಿದ್ದರೂ ಆಂಗ್ಲರು ಕುಕ್ ಎಂದೇ ಉಚ್ಚರಿಸುವರು.) 1593ರಲ್ಲಿ ಕಾಮನ್ಸ್ ಸಭೆಯ ಅಧ್ಯಕ್ಷನಾಗಿ, ಮರುವರ್ಷ ಅಟಾರ್ನಿ ಜನರಲ್ ಆಗಿ ಅವನು ಸಿಂಹಾಸನಕ್ಕೆ ನಿಷ್ಠೆಯಿಂದ ದುಡಿದನು. 1603ರಲ್ಲಿ ವಾಲ್ಟರ್ ರ‍್ಯಾಲೆಯ ವಿಚಾರಣೆಯಲ್ಲಿ ಆಪಾದಿತನನ್ನು ತುಂಬಿದ ಸಭೆಯಲ್ಲಿ ಹೀನಾಯವಾಗಿ ನಿಂದಿಸಿದುದು ಅವನ ಕೀರ್ತಿಗೆ ಅಂಟಿದ ಕಲಂಕವೇ ಸರಿ.

1606ರಲ್ಲಿ ಮುಖ್ಯ ನ್ಯಾಯಾಧೀಶನಾದ ಬಳಿಕ ಅವನ ಬಾಳು ಬೇರೆ ದಾರಿ ಹಿಡಿಯಿತು. ರಾಜತ್ವವು ದೈವದತ್ತವೆಂದು ನಂಬಿದ್ದ ಒಂದನೆಯ ಜೇಮ್ಸ್ ದೊರೆಯು, ವ್ಯಾಜ್ಯಗಳನ್ನು ತಾನೇ ತೀರ್ಮಾನಿಸಬಲ್ಲೆನೆಂದು 1607ರಲ್ಲಿ ವಾದಿಸಿದನು. ದೊರೆಗೆ ಸಹಜ ಬುದ್ಧಿ ಎಷ್ಟಿದ್ದರೂ ನ್ಯಾಯನಿರ್ಣಯಕ್ಕೆ ದೀರ್ಘ ವ್ಯಾಸಂಗದಿಂದ ಪಕ್ವವಾದ ಶಾಸ್ತ್ರಬುದ್ಧಿ ಬೇಕೆಂದೂ, ಅರಸನು ಯಾವ ಮನುಷ್ಯನಿಗೂ ಅಧೀನನಲ್ಲದಿದ್ದರೂ ದೇವರಿಗೂ ಶಾಸನಕ್ಕೂ ಅಧೀನನೆಂದೂ ಕೋಕ್ ಉತ್ತರಿಸಿದನು. ಆಗ ದೊರೆಯ ಕೋಪವನ್ನು ಕಂಡು ಅವನು ನೆಲಕ್ಕೆ ಬಾಗಿದನೆಂದು ಸಮಕಾಲೀನರ ಪತ್ರವೊಂದು ತಿಳಿಸುತ್ತದೆ. ಅವನೇ ಬರೆದಿಟ್ಟ ವೃತ್ತಾಂತದಲ್ಲಿ ಆ ಮಾತಿಲ್ಲ. ಮೈ ಬಾಗಿದ್ದರೂ ಬಾಗಿರಲಿ, ಮತವಂತೂ ಬಾಗಲಿಲ್ಲ. ಕೇವಲ ರಾಜಘೋಷಣೆಯಿಂದ ಹೊಸ ಅಪರಾಧವನ್ನು ಸೃಷ್ಟಿಸಲಾಗದೆಂದು 1610ರಲ್ಲಿ ಅವನೂ ಸಹನ್ಯಾಯಾಧೀಶರೂ ಸಾರಿದರು. 1616ರಲ್ಲಿ, ದೊರೆಯು ಬಯಸಿದರೆ ಮೊಕದ್ದಮೆಯನ್ನು ತಡೆಹಿಡಿಯುವಿರಾ ಎಂದು ಕೇಳಿದಾಗ ಉಳಿದ ಹನ್ನೊಂದು ನ್ಯಾಯಾಧೀಶರು ಒಪ್ಪಿದರು. ನ್ಯಾಯಾಧೀಶನಿಗೆ ಉಚಿತವಾದುದನ್ನು ಮಾಡುವೆನೆಂದು ಕೋಕ್ ಒಬ್ಬನೇ ನುಡಿದನು. ಅದೇ ವರ್ಷ ಪದಚ್ಯುತನಾದನು.

ಕಳೆದುಕೊಂಡ ರಾಜಾನುಗ್ರಹವನ್ನು ಮರಳಿ ಗಳಿಸಲು, 1617ರಲ್ಲಿ ಎಳೆಯ ಮಗಳನ್ನು ಅವಳ ಮನಸ್ಸಿಗೆ ವಿರುದ್ಧವಾಗಿ ರಾಜಪ್ರಿಯನ ಅಣ್ಣನಿಗೆ ಮದುವೆಮಾಡಿಕೊಟ್ಟನು. ಇದನ್ನು ಯಾವ ಶಾಸ್ತ್ರವೂ ಸಮರ್ಥಿಸದು.

1621ರಲ್ಲಿ ಅವನು ಪುನಃ ಸಂಸತ್ತನ್ನು ಪ್ರವೇಶಿಸಿದನು. ರಾಜ್ಯದ ಸಮಸ್ತ ವಿಷಯಗಳನ್ನೂ ಚರ್ಚಿಸುವ ಹಕ್ಕು ತನಗುಂಟೆಂದು ಕಾಮನ್ಸ್ ಸಭೆ ಬರೆದುಕೊಂಡ ಪುಟವನ್ನು ಜೇಮ್ಸನು ಸ್ವಹಸ್ತದಿಂದ ಹರಿದೆಸೆದನು; ಕೋಕ್ ಲಂಡನ್ ಗೋಪುರದ ಸೆರೆಯಲ್ಲಿ ತಿಂಗಳುಗಟ್ಟಲೆ ಕಳೆದನು. ಜೇಮ್ಸನ ಮಗ ಒಂದನೆಯ ಚಾರ್ಲ್ಸನು ಸಂಸತ್ತಿನ ಒಪ್ಪಿಗೆಯಿಲ್ಲದೆ ಬಲವಂತದ ಸಾಲ ಎತ್ತಿ, ಕೊಡದವರನ್ನು ಕಾರಣ ಹೇಳದೆ ಬಂಧಿಸಿದಾಗ, 1628ರಲ್ಲಿ, ಎಪ್ಪತ್ತೈದು ದಾಟಿದ ಈ ವೃದ್ಧನ ಮುಂದಾಳುತನದಲ್ಲಿ ಹಕ್ಕುಗಳ ಬಿನ್ನಹವು ಸಿದ್ಧವಾಯಿತು. ಹಣದ ತುರ್ತಿನಲ್ಲಿದ್ದ ದೊರೆ ಅದಕ್ಕೆ ಸಮ್ಮತಿಸಿದನು. ಆದರೆ ಮರುವರ್ಷವೇ ಸಂಸತ್ತನ್ನು ವಿಸರ್ಜಿಸಿ ಹನ್ನೊಂದು ವರ್ಷ ಏಕಾಕಿಯಾಗಿ ಆಳಿದನು.

1634ರ ಸೆಪ್ಟೆಂಬರಿನಲ್ಲಿ ಕೋಕ್ ಮರಣಶಯ್ಯೆಯಲ್ಲಿದ್ದಾಗ ರಾಜಾಧಿಕಾರಿಗಳು ಮನೆಯನ್ನು ಶೋಧಿಸಿ ಹಸ್ತಪ್ರತಿಗಳನ್ನು ಒಯ್ದರು. ಮತ್ತೆ ಕೂಡಿದ ಸಂಸತ್ತು 1641ರಲ್ಲಿ ಅವನ ಗ್ರಂಥಗಳನ್ನು ಅಚ್ಚುಮಾಡಿಸಲು ಆಜ್ಞಾಪಿಸಿತು.